ಕಿಟಕಿಗೆ ತುರುಕಿದ ಸ್ವೆಟರ್

ಅಂದು ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯ ಕಡೆಯಿಂದ ಎದ್ದ ಮಂಜು ಮೂಡಲಪಾಳ್ಯದ ಬೀದಿಗಳಲ್ಲೂ ಬಂದು ಕೂತಿತ್ತು. ಎದುರು ಮನೆಯ ನೀರಿನ ಟ್ಯಾಂಕ್ ಕಾಣುತ್ತಿರಲಿಲ್ಲ. ಗಾಳಿ ಸಣ್ಣಗೆ ಕೊರೆಯುತ್ತಿತ್ತು.

“ಸ್ವೆಟರ್ ಬಿಚ್ಚು ಮಗಾ,” ಅಂದಳು ಅಜ್ಜಿ ಅಕ್ಕಯ್ಯಮ್ಮ.

ಸ್ಪಂದನ ಸ್ಕೂಲಿಗೆ ಹೊರಟು ನಿಂತಿದ್ದಳು. “ಯಾಕಜ್ಜಿ? ನಂಗೆ ಚಳಿ ಆಗಲ್ವಾ?”

“ನಿನಗಿಂತ ನಿಮ್ಮತ್ತೆಗೆ ಜಾಸ್ತಿ. ಹಸಿ ಬಾಣಂತಿ ಅವಳು. ಬಚ್ಚಲ ಕಿಟಕೀಲಿ ಗಾಳಿ ಹೆಂಗೆ ನುಗ್ತಾ ಐತೆ ನೋಡು.”

ಸ್ಪಂದನಳ ಅತ್ತೆ ಬಿಂದುಶ್ರೀ ಹೆರಿಗೆಗೆಂದು ತವರಿಗೆ ಬಂದವಳು. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಬಾಣಂತಿಗೆ ಗಾಳಿ ತಾಗಬಾರದು ಎಂಬುದನ್ನು ಅಜ್ಜಿ ತನ್ನ ಅಜ್ಜಿಯಿಂದ ಕಲಿತಿದ್ದಳು. ಅತ್ತೆಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಕಾಲಿಗೆ ಸಾಕ್ಸ್ ಎಲ್ಲ ಆಗಿತ್ತು. ಬಚ್ಚಲ ಕಿಟಕಿಯೊಂದು ಬಾಕಿ ಉಳಿದಿತ್ತು.

ಅಜ್ಜಿಗೆ ಮಂಡಿನೋವು. ಸ್ಪಂದನಳೇ ಸ್ಟೂಲ್ ಹತ್ತಿದಳು. ಕಿಟಕಿಯಲ್ಲಿ ಎರಡು ಗಾಜು ಇರಲಿಲ್ಲ.

“ಅಜ್ಜಿ, ಗ್ಯಾಸ್ ಗೀಸರ್ ಹಾಕಿಸಿದಾಗ ಅಪ್ಪ ಬೇಕು ಅಂತಾನೇ ಈ ಗಾಜು ತೆಗೆಸಿದ್ರು. ಇದನ್ನ ಮುಚ್ಚಬಾರದು ಅಂದಿದ್ರಲ್ವಾ?”

“ನಿಮ್ಮಪ್ಪ ಯಾವ ಬಾಣಂತನ ಮಾಡವ್ನೆ? ತುರುಕು ಸುಮ್ನೆ.”

ಸ್ಪಂದನ ತುರುಕಿದಳು. ಬಚ್ಚಲು ಕತ್ತಲಾಯಿತು. ಸ್ವೆಟರಿನ ಒಂದು ತೋಳು ಹೊರಗಡೆ ಓಣಿಗೆ ಜೋತುಬಿತ್ತು.

“ನಂಗೆ ವಾಪಸ್ ಯಾವಾಗ ಕೊಡ್ತೀಯಾ?”

“ಬಾಣಂತನ ಮುಗೀಲಿ. ಒಗೆದು ಮಡಿಸಿ ನಾನೇ ಕೈಗೆ ಕೊಡ್ತೀನಿ. ಮಾದಪ್ಪನಾಣೆ.”

ಸ್ಕೂಲಿನಲ್ಲಿ ಪಕ್ಕದ ಸೀಟಿನ ರಾಗಿಣಿ ಕೇಳಿದಳು, “ಎಲ್ಲೇ ನಿನ್ ಸ್ವೆಟರ್ರು?”

“ನಮ್ಮನೆ ಬಚ್ಚಲು ಹಾಕ್ಕೊಂಡಿದೆ ಕಣೇ.”

ಇಬ್ಬರೂ ನಕ್ಕರು. ಆಮೇಲೆ ಬಹಳ ದಿನ ಸ್ಪಂದನಳಿಗೆ ನಗು ಬರಲಿಲ್ಲ.

ಗೀಸರ್ ಬಚ್ಚಲ ಒಳಗೋಡೆಯ ಮೇಲಿತ್ತು. ಬಿಳಿ ಡಬ್ಬಿ, ಉರಿ ಕಾಣಲು ಒಂದು ಪುಟ್ಟ ತೂತು. ನಲ್ಲಿ ತಿರುಗಿಸಿದರೆ ಟಕ್ ಟಕ್ ಎಂದು ಹೊತ್ತಿಕೊಳ್ಳುವುದು, ನಿಲ್ಲಿಸಿದರೆ ಆರುವುದು. ಈಗ ಅದು ಸ್ನಾನದ ನಡುವೆ ತಾನಾಗಿಯೇ ಆರತೊಡಗಿತು. ಅಪ್ಪ ಭೈರೇಶ್ ಟಿವಿ ರಿಮೋಟಿನ ಸೆಲ್ ಕಿತ್ತು ಅದಕ್ಕೆ ಹಾಕಿದರು. ಮತ್ತೂ ಆರಿತು. ಅಂಗಡಿಯಿಂದ ಹೊಸ ಸೆಲ್ ತಂದರು.

“ಇನ್ನೇನು ರೋಗ ಇದಕ್ಕೆ?” ಎನ್ನುತ್ತಾ ಅಪ್ಪ ತಲೆ ಎತ್ತಿದರು. ಕಿಟಕಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿದರು. ಏನೋ ಹೇಳಲು ಹೊರಟವರು ಹಳೇ ಸೆಲ್ ಜೇಬಿಗೆ ಹಾಕಿಕೊಂಡು ಆಚೆ ನಡೆದರು.

ಸ್ಪಂದನ ತೂತಿನಲ್ಲಿ ಇಣುಕಿದಳು. “ಅಜ್ಜಿ, ಉರಿ ಮೊದ್ಲು ನೀಲಿ ಇತ್ತು. ಈಗ ಹಳದಿ ಆಗಿದೆ.”

“ದೀಪದ ಬಣ್ಣಕ್ಕೆ ಬಂದೈತೆ. ಒಳ್ಳೇದೇ ಬಿಡು,” ಎಂದು ಅಜ್ಜಿ ಎರಡೂ ಕೈ ಕಣ್ಣಿಗೊತ್ತಿಕೊಂಡಳು.

ಆದರೆ ಒಳ್ಳೆಯದೇನೂ ಆಗಲಿಲ್ಲ. ಸ್ನಾನ ಮುಗಿಸಿ ಬಂದಾಗಲೆಲ್ಲ ಅತ್ತೆಗೆ ತಲೆ ಸಿಡಿಯುತ್ತಿತ್ತು. ಒಂದು ದಿನ ವಾಂತಿಯಾಯಿತು. ಸಂಜೆಯ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು.

“ಗಾಳಿ ಸೋಕೈತೆ,” ಅಂದಳು ಅಜ್ಜಿ.

“ಯಾವ ಗಾಳಿ ಅಜ್ಜಿ? ಫ್ಯಾನ್ ಗಾಳಿನಾ?”

“ಆ ಗಾಳಿಯಲ್ಲ. ಕಣ್ಣಿಗೆ ಕಾಣ್ದೆ ಓಡಾಡೋ ಗಾಳಿ. ಹಸಿ ಬಾಣಂತಿ ಅಂದ್ರೆ ಬಂದು ಹಿಡ್ಕೊಳ್ಳುತ್ತೆ.”

ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಮಾರಮ್ಮನ ಗುಡಿಯಿಂದ ಕಪ್ಪು ದಾರ ತಂದು ಅತ್ತೆಯ ತೋಳಿಗೆ ಕಟ್ಟಿದಳು. ಆ ಗಾಳಿ ಒಳಗೆ ಬಾರದಿರಲೆಂದು ಸ್ನಾನದ ಹೊತ್ತಿಗೆ ಬಚ್ಚಲ ಬಾಗಿಲ ಸಂದಿಗೂ ಗೋಣಿಚೀಲ ಇಟ್ಟಳು.

ಭಾನುವಾರ ಬಂತು. ಅಮ್ಮ ಸಂತೆಗೆ ಹೋಗಿದ್ದರು. ಅಜ್ಜಿ ಅತ್ತೆಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಾಗ ಮಗು ಎದ್ದು ಅತ್ತಿತು.

“ಬೆನ್ನಿಗೆ ಇನ್ನೊಂದಷ್ಟು ಬಿಸಿನೀರು ಬಿಟ್ಕೊಂಡಿರವ್ವ, ಬಂದೆ,” ಎಂದು ಅಜ್ಜಿ ಬಾಗಿಲೆಳೆದುಕೊಂಡು ಹೊರಬಂದಳು. ಅವಳಿಗೂ ತಲೆ ಭಾರವಾಗಿತ್ತು. ಗೋಡೆ ಹಿಡಿದು ನಡೆದಳು. ಸ್ವಲ್ಪ ಹೊತ್ತಿನ ಮೇಲೆ ಸ್ಪಂದನಳ ಕೈಗೆ ಟವಲ್ ಕೊಟ್ಟು ಕಳಿಸಿದಳು.

“ಅತ್ತೆ, ಟವಲ್.”

ಒಳಗೆ ನೀರು ಬೀಳುವ ಸದ್ದು ಮಾತ್ರ.

“ಅತ್ತೆ, ತಗೋಳಿ.”

ಸ್ಪಂದನ ಬಾಗಿಲು ತಳ್ಳಿದಳು. ಹಬೆಯ ನಡುವೆ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಗದ್ದ ಎದೆಗೆ ತಾಗಿತ್ತು. ಕೈಯಿಂದ ಜಾರಿದ ಚೊಂಬು ನೀರಲ್ಲಿ ಸುಮ್ಮನೆ ತಿರುಗುತ್ತಿತ್ತು. ಮೇಲೆ ಹಳದಿ ಉರಿ ಆಡುತ್ತಲೇ ಇತ್ತು.

ಸ್ಪಂದನ ಕೂಗಿದ್ದಕ್ಕೆ ಅಪ್ಪ ಓಡಿಬಂದರು. “ನೀನು ಒಳಗ್ ಬರ್ಬೇಡ. ಹಿಂದ್ಗಡೆ ಹೋಗಿ ಸಿಲಿಂಡರ್ ಆಫ್ ಮಾಡು,” ಎನ್ನುತ್ತಾ ನಲ್ಲಿ ನಿಲ್ಲಿಸಿ ಅತ್ತೆಯನ್ನು ಹೊರಗೆಳೆದರು.

ಸ್ಪಂದನ ಓಣಿಗೆ ಓಡಿದಳು. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು. ತಲೆಯ ಮೇಲೆ ತನ್ನದೇ ಸ್ವೆಟರಿನ ತೋಳು ಜೋತಾಡುತ್ತಿತ್ತು. ಎಗರಿ ಹಿಡಿದು ಜಗ್ಗಿದಳು. ಸ್ವೆಟರ್ ಬಿತ್ತು. ಅದರ ಹಿಂದೆಯೇ ಕಿಟಕಿಯಿಂದ ಹಬೆ ಬುಸುಬುಸು ಹೊರಬಂತು.

ಅಂಗಳಕ್ಕೆ ಬಂದಾಗ ಅತ್ತೆ ಕಂಬಳಿಯೊಳಗೆ ಅಲುಗದೆ ಮಲಗಿದ್ದಳು. ಅಜ್ಜಿ ಮಗುವನ್ನು ಎದೆಗವುಚಿಕೊಂಡು ನಿಂತಿದ್ದಳು.

“ಗಾಳಿ ಕಣೋ ಭೈರೇಶ. ಜೋರಾಗಿ ಹಿಡ್ಕಂಡೈತೆ. ಗುಡಿ ಪೂಜಾರಪ್ಪನ್ನ ಕರ್ಕೊಂಬಾ ಮೊದ್ಲು. ಅಷ್ಟರಲ್ಲಿ ನಿಂಬೆಹಣ್ಣು ನಿವಾಳಿಸ್ತೀನಿ.”

ಅಪ್ಪ ಗೇಟಿನ ಕಡೆ ಹೊರಟು, ತಂಗಿಯ ಮುಖ ನೋಡಿ, ಅಲ್ಲೇ ನಿಂತುಬಿಟ್ಟರು.

“ಗಾಳಿ ಹಿಡ್ದಿಲ್ಲ ಅಜ್ಜಿ,” ಅಂದಳು ಸ್ಪಂದನ. ಅವಳ ಕೈಯಲ್ಲಿ ಸ್ವೆಟರ್ ತೊಟ್ಟಿಕ್ಕುತ್ತಿತ್ತು. “ಒಳಗೆ ಗಾಳಿನೇ ಇರ್ಲಿಲ್ಲ. ನಾನೇ ಮುಚ್ಚಿದ್ದು.”

ಅಪ್ಪ ಆ ಸ್ವೆಟರ್ ನೋಡಿದರು. ಅತ್ತೆಯನ್ನು ಎತ್ತಿಕೊಂಡು ಬೀದಿಗೆ ಓಡಿ ಆಟೋ ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಅತ್ತೆಯ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದರು. ಮಧ್ಯಾಹ್ನ ಡಾಕ್ಟರ್ ಹೊರಬಂದು ಬೆಂಚಿನ ಹತ್ತಿರ ನಿಂತರು.

“ಗೀಸರ್ ಉರಿ ಹಳದಿ ಆಗಿತ್ತಾ?”

ಅಜ್ಜಿ ತಲೆ ತಗ್ಗಿಸಿದಳು. “ಆಗಿತ್ತು,” ಅಂದಳು ಸ್ಪಂದನ.

“ಗಾಳಿ ಸಾಲದೆ ಇದ್ರೆ ಗ್ಯಾಸು ಸರಿಯಾಗಿ ಉರಿಯಲ್ಲ. ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷ ಹುಟ್ಟುತ್ತೆ. ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ. ಇನ್ನೊಂಚೂರು ತಡ ಆಗಿದ್ರೆ...” ಡಾಕ್ಟರ್ ಅಜ್ಜಿಯ ಮಡಿಲಲ್ಲಿದ್ದ ಕೂಸನ್ನು ನೋಡಿ ಮಾತು ನಿಲ್ಲಿಸಿದರು.

ಅತ್ತೆ ಕಣ್ಣು ಬಿಟ್ಟಿದ್ದು ಮಾರನೆಯ ದಿನ. ಮನೆಗೆ ಬರಲು ಇನ್ನೂ ಹಲವು ದಿನ ಹಿಡಿಯಿತು. ಅಷ್ಟು ದಿನವೂ ಅಜ್ಜಿ ಕೂಸಿಗೆ ಒಳಲೆಯಲ್ಲಿ ಹನಿಹನಿಯಾಗಿ ಡಬ್ಬಿ ಹಾಲು ಕುಡಿಸಿದಳು. ಅದು ತಾಯಿಯನ್ನು ಹುಡುಕಿ ಅಳುವಾಗ ಅಜ್ಜಿ ದೇವರ ಮುಂದೆ ಕೂರುತ್ತಿದ್ದಳು. ಏನೂ ಬೇಡಿಕೊಳ್ಳುತ್ತಿರಲಿಲ್ಲ.

ಬಂದ ಮೇಲೂ ಅತ್ತೆ ಮೊದಲಿನ ಹಾಗಿರಲಿಲ್ಲ. ಮಾತಿನ ನಡುವೆ ನಿಂತು, ಮುಂದಿನ ಪದಕ್ಕಾಗಿ ಬಾಗಿಲ ಕಡೆ ನೋಡುತ್ತಿದ್ದಳು. ಮೆಲ್ಲಗೆ ಸರಿಹೋಗುತ್ತೆ ಎಂದಿದ್ದರು ಡಾಕ್ಟರ್. ಹೋಗುತ್ತೋ ಇಲ್ಲವೋ ಎಂದು ಸ್ಪಂದನ ಯಾರನ್ನೂ ಕೇಳಲಿಲ್ಲ.

ಅಪ್ಪ ಗೀಸರನ್ನು ಓಣಿಯ ಹೊರಗೋಡೆಗೆ ಹಾಕಿಸಿದರು. ಈಗ ಬಚ್ಚಲಿಗೆ ಬರುವುದು ಬಿಸಿನೀರಿನ ಪೈಪ್ ಒಂದೇ. ದಿನಾ ಬೆಳಿಗ್ಗೆ ಅಜ್ಜಿ ಮಂಡಿ ಹಿಡಿದುಕೊಂಡು ಓಣಿಗೆ ಹೋಗಿ ಉರಿಯ ಬಣ್ಣ ನೋಡಿ ಬರುತ್ತಿದ್ದಳು.

ಇನ್ನೊಂದು ಚಳಿಯ ಬೆಳಿಗ್ಗೆ. ತೆರೆದ ಕಿಟಕಿಯಿಂದ ಗಾಳಿ ಬರುತ್ತಿತ್ತು. ಅಜ್ಜಿ ಅದನ್ನು ಒಮ್ಮೆ ನೋಡಿ, ಅತ್ತೆಗೆ ಬೇಗ ಬೇಗ ನೀರು ಹಾಕಿ, ಕಂಬಳಿ ಸುತ್ತಿ ಕರೆದುಕೊಂಡು ಬಂದಳು.

ಆಮೇಲೆ ಸ್ಕೂಲಿಗೆ ಹೊರಟಿದ್ದ ಸ್ಪಂದನಳ ಮುಂದೆ ಬಂದು ನಿಂತಳು. ಅವಳ ಕೈಯಲ್ಲಿ ಒಗೆದು ಮಡಿಸಿದ ಸ್ವೆಟರ್ ಇತ್ತು. ಬಚ್ಚಲ ಒಳಗಡೆ ಇದ್ದ ತೋಳಿನ ತುದಿಗೆ ಹಿಡಿದ ಗೀಸರಿನ ಮಸಿ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಬಾಣಂತನ ಇನ್ನೂ ಮುಗಿದಿಲ್ಲವಲ್ಲ ಎಂದು ಸ್ಪಂದನಳ ಬಾಯಿಗೆ ಬಂತು. ಅಜ್ಜಿಯ ಕಣ್ಣು ನೋಡಿ ಹೇಳಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡು ಹಾಕಿಕೊಂಡಳು. ಮಸಿ ಕಾಣದ ಹಾಗೆ ತೋಳಿನ ತುದಿಯನ್ನು ಒಳಕ್ಕೆ ಮಡಿಸಿಕೊಂಡು ಗೇಟು ದಾಟಿದಳು.