ಒದ್ದೆಯಾಗದ ಕಾರು

ಕಾರಿನ ಮೇಲೆ ಒಂದು ಗೀರೂ ಇರಲಿಲ್ಲ. ಕನ್ನಡಿಯಕ್ಕನ ಕೊರಳಿಗೆ ಉರುಳಾದದ್ದೇ ಅದು.

ಬೆಳಗ್ಗೆ ಒಂಬತ್ತಕ್ಕೆ ಅವಳು ಅಂಗಡಿಯ ಷಟರ್ ಎತ್ತಿದಾಗ ಇನ್ಸ್‌ಪೆಕ್ಟರು ಹೊರಗೇ ನಿಂತಿದ್ದರು. ಎಡಗೆನ್ನೆ ಊದಿಕೊಂಡಿತ್ತು. ಹಲ್ಲುನೋವಿಗೆ ಮಾತು ತುಂಡುತುಂಡಾಗಿ ಬರುತ್ತಿತ್ತು. ಅವರು ಚೀಟಿಯೊಂದನ್ನು ಮುಂದೆ ಹಿಡಿದರು. ಅದರಲ್ಲಿ ಒಂದು ಕಾರಿನ ನಂಬರು.

“ಈ ಕಾರು ಇಲ್ಲಿದೆಯಾ?”

“ಇದೆ ಸಾರ್, ಒಳಗಿನ ರೂಮಲ್ಲಿ. ಹಲ್ಲಿನ ಡಾಕ್ಟ್ರದ್ದು.”

“ನಿನ್ನೆ ಸಂಜೆ ಏಳೂವರೆಗೆ ಇದು ಒಬ್ಬ ಪೋಸ್ಟ್‌ಮ್ಯಾನ್ ಸೈಕಲ್ಲಿಗೆ ಗುದ್ದಿದೆ. ನಿಲ್ಲಿಸದೆ ಹೋಗಿದೆ. ಎರಡು ಕಾಲೂ ಮುರಿದಿವೆ. ಪ್ರಜ್ಞೆ ತಪ್ಪೋಕೆ ಮುಂಚೆ ಆತ ನಂಬರು ಹೇಳಿದ್ದಾನೆ. ಕಡುನೀಲಿ ಬಣ್ಣ ಅಂತಾನೂ ಹೇಳಿದ್ದಾನೆ.”

“ತಪ್ಪು ಓದಿರಬಹುದಲ್ವಾ? ಜೋರು ಮಳೆ ಬೇರೆ ಬರ್ತಿತ್ತು.”

“ಮೂವತ್ತು ವರ್ಷ ವಿಳಾಸ ಓದಿದ ಕಣ್ಣು. ತಪ್ಪಲ್ಲ. ಕಾರು ತೋರಿಸಿ.”

ಕನ್ನಡಿಯಕ್ಕನಿಗೆ ನಲವತ್ತನಾಲ್ಕು. ಅವಳು ಉಜ್ಜಿದ ಕಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಯಾರೋ ತಮಾಷೆ ಮಾಡಿದ್ದು ಹೆಸರಾಗಿ ಅಂಟಿಕೊಂಡಿತ್ತು. ಕಾರು ಉಜ್ಜಿ ಹೊಳಪಿನ ಲೇಪನ ಹಚ್ಚುವ ಈ ಅಂಗಡಿ ಅವಳ ಭಾವನದು. ಮೇಲಿನ ಮಹಡಿಯಲ್ಲಿ ಅಕ್ಕ-ಭಾವನ ಸಂಸಾರ. ಗಂಡ ತೀರಿಕೊಂಡ ಮೇಲೆ ಅದೇ ಮಹಡಿಯ ಮೂಲೆಯ ಕೋಣೆಯಲ್ಲಿ ಇವಳು. ಕೆಲಸ, ಊಟ, ನಿದ್ದೆ ಎಲ್ಲಾ ಒಂದೇ ಮೆಟ್ಟಿಲ ಕೆಳಗೆ, ಮೇಲೆ. ಹದಿನೈದು ವರ್ಷದಿಂದ ಹೀಗೇ.

ಒಳಗಿನ ಕೋಣೆಗೆ ಕಿಟಕಿ ಇಲ್ಲ. ಧೂಳು ಬರಬಾರದು ಎಂದೇ ಹಾಗೆ ಕಟ್ಟಿಸಿದ್ದು. ಬಿಳಿಯ ದೀಪಗಳ ಕೆಳಗೆ ಕಾರು ಆಗಷ್ಟೇ ಎರಕ ಹೊಯ್ದಂತೆ ಹೊಳೆಯುತ್ತಿತ್ತು.

ಇನ್ಸ್‌ಪೆಕ್ಟರು ಎರಡು ಸುತ್ತು ಹಾಕಿದರು. ಬಂಪರಿನ ಮುಂದೆ ಬಗ್ಗಿದರು. ಎದ್ದರು.

“ಗೀರು ಎಲ್ಲಿ?”

“ಇಲ್ಲ ಸಾರ್.”

“ಗೀರು ಅಳಿಸೋದು ಯಾರ ಕಸುಬು?”

“ನಂದೇ.”

ಅಷ್ಟು ಹೊತ್ತಿಗೆ ಭಾವ ಮಹಡಿಯಿಂದ ಇಳಿದು ಬಂದ. ಫೋನು ಹೋದ ಮೇಲೆ ಡಾಕ್ಟರೂ ಬಂದರು. ಇನ್ಸ್‌ಪೆಕ್ಟರು ಜೊತೆಗೆ ಬಂದಿದ್ದ ಪೇದೆಗೆ ಹೇಳಿ ಷಟರ್ ಇಳಿಸಿದರು.

“ಮುಗಿಯೋ ತನಕ ಯಾರೂ ಹೊರಗೆ ಹೋಗೋ ಹಾಗಿಲ್ಲ.”

ಷಟರ್ ನೆಲ ಮುಟ್ಟಿದ ಸದ್ದಿಗೆ ಕನ್ನಡಿಯಕ್ಕ ತಿರುಗಿ ನೋಡಿದಳು. ಲೇಪನದ ಘಾಟು ಮೂಗಿಗೆ ಅಡರಿತು.

“ಡಾಕ್ಟ್ರೇ, ನಿನ್ನೆ ಸಂಜೆ?”

“ಕ್ಲಿನಿಕ್ಕಲ್ಲಿ. ಒಂಬತ್ತರ ತನಕ ಪೇಶೆಂಟುಗಳು. ಹನ್ನೊಂದು ಜನ ಸಾಕ್ಷಿ ಕೊಡ್ತೀನಿ, ಬಾಯಿ ಬಿಡೋಕಾಗೋರು.” ಅವರು ಇನ್ಸ್‌ಪೆಕ್ಟರ ಕೆನ್ನೆ ನೋಡಿದರು. “ನಿಮ್ಮದನ್ನ ನೋಡಲಾ?”

“ಇಲ್ಲಿರೋ ಮೂರು ಜನರಲ್ಲಿ ಒಬ್ಬರು ಸುಳ್ಳು ಹೇಳ್ತಿರಬಹುದು. ಯಾರಂತ ತಿಳಿಯೋ ತನಕ ನನ್ನ ಹಲ್ಲು ಯಾರ ಕೈಗೂ ಕೊಡಲ್ಲ. — ಕಾರಿನ ಕೀಲಿ?”

“ಗೋಡೆ ಮೊಳೇಲಿ ಇರುತ್ತೆ,” ಎಂದ ಭಾವ. “ಷಟರ್ ಕೀಲಿ ನನ್ನ ಹತ್ರ ಒಂದು, ಇವಳ ಹತ್ರ ಒಂದು. ಆರೂಕಾಲಿಗೇ ನಾನು ಸ್ನೇಹಿತನ ಮನೆಗೆ ಹೋದೆ.”

“ನೀವಮ್ಮ?”

“ಆರಕ್ಕೆ ಕೆಲಸ ಮುಗೀತು. ಮೇಲೆ ಹೋದೆ. ಕೋಣೇಲಿದ್ದೆ.”

“ನೋಡಿದವರು?”

“ಯಾರೂ ಇಲ್ಲ. ಅಕ್ಕ ಮಕ್ಕಳನ್ನ ಕರ್ಕೊಂಡು ಹೊರಗೆ ಹೋಗಿದ್ಲು.”

“ಕಾರು ಓಡಿಸೋಕೆ ಬರುತ್ತಾ?”

“ಬರುತ್ತೆ. ಒಳಗೆ ತರೋದು, ಹೊರಗೆ ಬಿಡೋದು ನಾನೇ.”

ಒಂದೊಂದು ಉತ್ತರವೂ ನಿಜವೇ. ಒಂದೊಂದೂ ಅವಳ ಸುತ್ತ ಒಂದೊಂದು ಇಟ್ಟಿಗೆಯಾಗಿ ಕೂತಿತು. ಎಷ್ಟು ಚೆನ್ನಾಗಿ ಉಜ್ಜಿದ್ದಾಳೋ ಅಷ್ಟು ಅಪರಾಧಿ.

ಇನ್ಸ್‌ಪೆಕ್ಟರು ಪೇದೆಯೊಡನೆ ಮಾತಾಡಲು ಪಕ್ಕಕ್ಕೆ ಸರಿದಾಗ ಭಾವ ಹತ್ತಿರ ಬಂದ. ದನಿ ಮೆತ್ತಗಿತ್ತು.

“ಏನೋ ಆಗೋಯ್ತು. ಒಪ್ಕೊಂಡ್ಬಿಡು. ವಕೀಲರನ್ನ ನಾನು ನೋಡ್ತೀನಿ.”

“ನಾನು ಮಾಡಿಲ್ಲ ಭಾವ.”

“ಮತ್ತೆ ಯಾರು ಮಾಡಿದ್ರು? ಅಂಗಡಿಗೆ ಬೀಗ ಬಿದ್ರೆ ನಿನ್ನ ಅಕ್ಕ, ಮಕ್ಕಳು ಬೀದಿಗೆ ಬರ್ತಾರೆ. ನಿನಗೇನು, ಹಿಂದೆ ಮುಂದೆ ಯಾರೂ ಇಲ್ಲ.”

ಅವಳು ಮುಖ ತಿರುಗಿಸಿದಳು. ಹಿಂಬಾಗಿಲ ಸಂದಿಯಿಂದ ಹಿತ್ತಲು ಕಂಡಿತು. ಅಲ್ಲಿ ಕಾರು ಮುಚ್ಚುವ ಹೊದಿಕೆಯೊಂದು ಮುದ್ದೆಯಾಗಿ, ಮಳೆನೀರು ತುಂಬಿಕೊಂಡು ಬಿದ್ದಿತ್ತು. ಅವಳು ಅದನ್ನು ನೋಡಿದಳು. ಮರುಕ್ಷಣ ನೋಡದವಳಂತೆ ಕಣ್ಣು ಕೆಳಗಿಳಿಸಿದಳು.

ಇನ್ಸ್‌ಪೆಕ್ಟರು ಬಂದು ಕಾರಿನ ಬಾನೆಟ್ ಮುಟ್ಟಲು ಕೈ ಚಾಚಿದರು.

“ಬೇಡ ಸಾರ್,” ಅವಳ ಬಾಯಿಂದ ತಾನಾಗಿ ಬಂತು. “ಬರಿಗೈಲಿ ಮುಟ್ಟಬೇಡಿ. ಕೋಟಿಂಗ್ ಹಚ್ಚಿ ಒಂದು ದಿನ ಆಗಿಲ್ಲ. ಇನ್ನೂ ಗಟ್ಟಿಯಾಗಿರಲ್ಲ.”

ಇನ್ಸ್‌ಪೆಕ್ಟರು ಕೈ ಹಿಂದಕ್ಕೆ ತೆಗೆದರು. “ನನ್ನ ಜೀಪಿಗೂ ಹಚ್ಚಬಹುದಾ? ಅದು ಮಳೇಲೇ ನಿಲ್ಲುತ್ತೆ.”

“ಆಮೇಲೆ ಎಷ್ಟು ಮಳೆ ಬಂದ್ರೂ ಪರವಾಗಿಲ್ಲ. ಹಚ್ಚಿದ ಮೊದಲ ದಿನ ಮಾತ್ರ ಒಂದು ಹನೀನೂ ತಾಕಬಾರದು. ತಾಕಿದ್ರೆ ಹನಿಹನಿಯಾಗಿ ಬಿಳಿ ಉಂಗುರ ಕೂತ್ಬಿಡುತ್ತೆ. ತೊಳೆದ್ರೂ ಹೋಗಲ್ಲ.”

“ಏನು ಮಾಡಿದ್ರೆ ಹೋಗುತ್ತೆ?”

“ಪೂರ್ತಿ ಉಜ್ಜಿ ತೆಗೆದು ಮತ್ತೆ ಹಚ್ಚಬೇಕು. ಎರಡು ದಿನದ ಕೆಲಸ.”

“ಎರಡು ದಿನ. ನೀವು ಹಚ್ಚಿ ಮುಗಿಸಿದ್ದು?”

“ನಿನ್ನೆ ಆರಕ್ಕೆ. ಆಗ ಡಾಕ್ಟ್ರು ಬಂದು ನೋಡ್ಕೊಂಡು ಹೋದ್ರು.”

ಡಾಕ್ಟರು ಹೌದೆಂದು ತಲೆಯಾಡಿಸಿದರು. ಇನ್ಸ್‌ಪೆಕ್ಟರು ಅವಳ ಕಡೆ ನೋಡಿದರು. “ಗೀರು ನೋಡೋಕೆ ಒಂದು ದೀಪ ಇಟ್ಕೊಂಡಿರ್ತೀರಲ್ಲ, ತನ್ನಿ.”

ಅವಳು ಕೈದೀಪ ತಂದು ಅಡ್ಡಡ್ಡ ಹಿಡಿದು, ಕಾರಿನ ಚಾವಣಿಯಿಂದ ಡಿಕ್ಕಿಯವರೆಗೆ ಬೆಳಕು ಹಾಯಿಸಿದಳು. ಒಂದು ಉಂಗುರವೂ ಇಲ್ಲ. ಬೆಳಗ್ಗೆಯಿಂದ ಭಯಕ್ಕೆ ಗೀರನ್ನೇ ಹುಡುಕಿದ್ದಳು. ಮಳೆಯನ್ನು ಹುಡುಕುವುದು ಹೊಳೆದೇ ಇರಲಿಲ್ಲ.

“ಏಳೂವರೆಗೆ ಮಳೆ. ಈ ಕಾರು ನೆನೆದಿಲ್ಲ,” ಎಂದರು ಇನ್ಸ್‌ಪೆಕ್ಟರು. “ಅಂದ್ರೆ ಇದು ಹೊರಗೇ ಹೋಗಿಲ್ಲ.”

“ಹಾಗಾದ್ರೆ ಪೋಸ್ಟ್‌ಮ್ಯಾನು ತಪ್ಪು ಓದಿದ್ದಾನೆ,” ಭಾವ ಥಟ್ಟನೆ ಹೇಳಿದ. “ಮುಗೀತಲ್ಲ?”

“ಮುಗೀತಾ? — ಅಮ್ಮ, ಈ ನಂಬರ್ ಪ್ಲೇಟಿನ ಹಿಂದಿನ ಜಾಗಕ್ಕೂ ಕೋಟಿಂಗ್ ಹಚ್ಚಿದ್ದೀರಾ?”

“ಹಚ್ಚಿದ್ದೀನಿ. ಪ್ಲೇಟು ಬಿಚ್ಚಿ ಕಪಾಟಿನ ಮೇಲಿಟ್ಟು...” ಅವಳು ತಡೆದಳು. ಬಂಪರಿನ ಮೇಲೆ ಪ್ಲೇಟು ಕೂತಿತ್ತು. “ಸಾರ್, ಇದನ್ನ ನಾನು ಹಾಕಿಲ್ಲ. ಕಾರು ಕೊಡೋ ದಿನವೇ ಹಾಕೋದು.”

“ಅವಳೇ ಹಾಕಿ ಮರೆತಿರ್ತಾಳೆ,” ಎಂದ ಭಾವ.

ಪೇದೆ ಸ್ಕ್ರೂ ಬಿಚ್ಚಿದ. ಪ್ಲೇಟಿನ ಮುಂಭಾಗ ಒರೆಸಿ ಸ್ವಚ್ಛವಾಗಿತ್ತು. ಒಂದು ಮೂಲೆ ಬಗ್ಗಿ, ಮತ್ತೆ ನೆಟ್ಟಗಾದಂತಿತ್ತು. ಹಿಂಭಾಗದಲ್ಲಿ ಒಣಗಿದ ಕೆಸರು.

“ಕಾರು ಹೋಗಿಲ್ಲ. ಪ್ಲೇಟು ಹೋಗಿದೆ. ವಾಪಸು ಬಂದ ಮೇಲೆ ಇದಕ್ಕೆ ಹಾಕಿದ್ದಾರೆ. ಬಗ್ಗಿದ ಪ್ಲೇಟು ಕಪಾಟಿನ ಮೇಲಿದ್ರೆ ಕಣ್ಣಿಗೆ ಬೀಳುತ್ತೆ. ಕಾರಿನ ಮೇಲಿದ್ರೆ ಯಾರು ನೋಡ್ತಾರೆ?” ಇನ್ಸ್‌ಪೆಕ್ಟರು ಕೆನ್ನೆ ಒತ್ತಿಕೊಂಡರು. “ಸ್ಕ್ರೂ ಬಿಗಿಮಾಡೋವಾಗ ಇನ್ನೊಂದು ಕೈ ಎಲ್ಲಿಡ್ತಾರೆ? ದೀಪ ಇಲ್ಲಿ ಹಿಡೀರಿ.”

ಬಾನೆಟ್ಟಿನ ಅಂಚಿನ ಮೇಲೆ, ಎದುರು ನಿಂತರೆ ಕಾಣದ್ದು ಓರೆ ಬೆಳಕಿಗೆ ಎದ್ದು ಬಂತು. ಅಗಲವಾದ ಎಡ ಅಂಗೈ. ಐದು ಬೆರಳು. ಉಂಗುರದ ಬೆರಳ ಬುಡದಲ್ಲಿ, ತೊಟ್ಟ ಉಂಗುರ ಒತ್ತಿದಂಥ ಸಣ್ಣದೊಂದು ತರಚು. ಹಸಿ ಲೇಪನದಲ್ಲಿ ಮೂಡಿ ಹಾಗೇ ಗಟ್ಟಿಯಾಗಿತ್ತು.

ಇನ್ಸ್‌ಪೆಕ್ಟರು ಅವಳ ಕೈಯನ್ನು ಅದರ ಮೇಲೆ ಗಾಳಿಯಲ್ಲೇ ಹಿಡಿಸಿದರು. ಗುರುತಿನೊಳಗೆ ಅವಳ ಕೈ ಮುಳುಗಿಹೋಯಿತು. ಡಾಕ್ಟರ ಬೆರಳುಗಳು ಉದ್ದ, ಸಪೂರ, ಉಂಗುರವಿಲ್ಲ.

“ಯಜಮಾನ್ರೇ, ನಿಮ್ಮ ಎಡಗೈ?”

ಭಾವ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. “ನನ್ನ ಅಂಗಡಿ. ಯಾವಾಗಲೋ ಮುಟ್ಟಿರ್ತೀನಿ. ಮುಟ್ಟಿದ್ದೇ ತಪ್ಪಾ? ಪ್ಲೇಟು ಹೋಯ್ತು ಅಂತೀರಿ. ಯಾವ ಕಾರಿಗೆ ಹೋಯ್ತು? ತೋರಿಸಿ.”

ಇನ್ಸ್‌ಪೆಕ್ಟರು ಕನ್ನಡಿಯಕ್ಕನ ಕಡೆ ತಿರುಗಿದರು.

“ಅಮ್ಮ, ನಿಮಗೆ ಗೊತ್ತಾ?”

ಮೆಟ್ಟಿಲ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಇಳಿದು ಬಂದಳೋ. ಭಾವ ನೋಡುತ್ತಿದ್ದ. ಅಕ್ಕ ನೋಡುತ್ತಿದ್ದಳು. ಹೇಳಿದರೆ ಮನೆ ಹೋಯಿತು. ಹೇಳದಿದ್ದರೆ? ಆಸ್ಪತ್ರೆಯಲ್ಲಿ ಒಬ್ಬನ ಎರಡು ಕಾಲು.

“ಹಿತ್ತಲಲ್ಲಿ ಇನ್ನೊಂದು ಕಾರಿತ್ತು ಸಾರ್,” ಎಂದಳು. “ಇದೇ ಮಾಡೆಲ್, ಇದೇ ಬಣ್ಣ. ಭಾವ ಹರಾಜಲ್ಲಿ ಹಿಡಿದಿದ್ದು. ಕಾಗದಪತ್ರ ಆಗಿರಲಿಲ್ಲ, ಪ್ಲೇಟೂ ಇರಲಿಲ್ಲ. ಕೀಲಿ ಭಾವನ ಹತ್ರ ಮಾತ್ರ. ನಿನ್ನೆ ಸಂಜೆ ಆ ಕಾರು ಹೊದಿಕೆ ಒಳಗೇ ಇತ್ತು. ಈಗ ಹೊದಿಕೆ ಒಂದೇ ಇದೆ.”

“ಕೊಳ್ಳೋರಿಗೆ ತೋರಿಸೋಕೆ ಒಯ್ದಿರಿ,” ಇನ್ಸ್‌ಪೆಕ್ಟರು ಭಾವನ ಎದುರು ನಿಂತರು. “ಪ್ಲೇಟಿಲ್ಲದೆ ರಸ್ತೆಗಿಳಿದ್ರೆ ಹಿಡೀತಾರೆ. ಕಪಾಟಿನ ಮೇಲೆ ಒಂದು ಜೊತೆ ಸಿಕ್ತು. ಗುದ್ದಿದವರು ನೀವು. ಸಿಕ್ಕಿಬಿದ್ರೆ ತಪ್ಪು ಹೊರೋಕೆ ಮನೇಲೇ ಒಬ್ಬರಿದ್ರು, ಗೀರು ಅಳಿಸೋರು. ಆ ಕಾರು ಎಲ್ಲಿ?”

ಭಾವ ಗೋಡೆಗೆ ಒರಗಿದ. “ಸ್ನೇಹಿತನ ಟಿಂಕರಿಂಗ್ ಶೆಡ್ಡಲ್ಲಿ,” ಎಂದ. “ಕತ್ತಲೇಲಿ ಸೈಕಲ್ ಕಾಣಲಿಲ್ಲ.”

“ನಿಲ್ಲಿಸೋಕೆ ಏನಾಗಿತ್ತು?”

ಭಾವ ಎಡಗೈಯನ್ನು ಜೇಬಿನಿಂದ ತೆಗೆದು, ಬೆರಳಿನ ಉಂಗುರ ತಿರುಗಿಸುತ್ತಾ ನಿಂತ.

ಭಾವನನ್ನು ಹತ್ತಿಸಿಕೊಂಡು ಜೀಪು ಹೊರಟಿತು. ಡಾಕ್ಟರು ಇನ್ಸ್‌ಪೆಕ್ಟರಿಗೆ ಮಧ್ಯಾಹ್ನ ಹಲ್ಲು ತೋರಿಸಲು ಬರಹೇಳಿ, ತಾವೂ ಹೊರಟಿದ್ದರು. ಅಕ್ಕ ಮೆಟ್ಟಿಲೇರಿದಳು. ಮೇಲೆ ಚಿಲಕ ಬಿದ್ದ ಸದ್ದು ಕೇಳಿತು.

ಕನ್ನಡಿಯಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಷಟರ್ ತೆರೆದಿತ್ತು, ಬೀದಿ ಕಾಣುತ್ತಿತ್ತು. ಆದರೆ ಎದ್ದು ಹೋಗಲು ಜಾಗ ಯಾವುದು? ಅರ್ಧ ಗಂಟೆಯಾಯಿತು. ಕಾಲು ಜೋಮು ಹಿಡಿಯಿತು.

ಚಿಲಕ ಮತ್ತೆ ತೆಗೆದ ಸದ್ದು. ಅಕ್ಕ ಇಳಿದು ಬಂದಳು. ಕಣ್ಣು ಊದಿದ್ದವು. ಕೈಯಲ್ಲಿ ಗಂಡನ ಒಂದು ಜೊತೆ ಬಟ್ಟೆಯ ಚೀಲ.

“ನನಗೆ ಸ್ಟೇಷನ್ ಎಲ್ಲಿ ಅಂತ ಗೊತ್ತಿಲ್ಲ ಕಣೇ. ನೀನೇ ಕರ್ಕೊಂಡು ಹೋಗು.”

ಕನ್ನಡಿಯಕ್ಕ ಎದ್ದು ಚೀಲಕ್ಕೆ ಕೈ ಚಾಚಿದಳು. ಅಕ್ಕ ಚೀಲ ಕೊಟ್ಟಳು, ಹಿಡಿದ ತಂಗಿಯ ಕೈ ಬಿಡಲಿಲ್ಲ.

“ಮೊದಲು ಆಸ್ಪತ್ರೆಗೆ ಹೋಗೋಣ,” ಎಂದಳು ಅಕ್ಕ. “ಆ ಪೋಸ್ಟ್‌ಮ್ಯಾನ್ ಹೆಂಡತಿ ಒಬ್ಬಳೇ ಕೂತಿರ್ತಾಳೆ.”