ನಲವತ್ತಾರು ಗ್ರಾಂ

ಹದಿನಾಲ್ಕನೇ ತಾರೀಖು ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಅಕ್ಕ ಬಸ್ ಚಾಲಕಿ. ಹತ್ತು ದಿನಗಳ ಹಿಂದೆ ಎಂಟು ಜನರ ಚಾರಣ ತಂಡದ ಜೊತೆ ಕಾಡಿಗೆ ಹೋದವಳು, ಎರಡು ಮರಗಳ ನಡುವೆ ಕಟ್ಟಿದ್ದ ತೂಗುಹಾಸಿಗೆ, ಹ್ಯಾಮಕ್, ಕಳಚಿ ಬಂಡೆಯ ಮೇಲೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದಳು. ಮತ್ತೆ ಬಸ್ಸಿನ ಬ್ರೇಕ್ ತುಳಿಯುತ್ತಾಳೋ ಇಲ್ಲವೋ, ವೈದ್ಯರು ಬಾಯಿ ಬಿಡುತ್ತಿರಲಿಲ್ಲ.

"ಅಕ್ಕ ದಪ್ಪ ಇದ್ದಾಳೆ, ಅದಕ್ಕೇ ಬಿದ್ಲು ಅಂತ ತಂಡದವ್ರು ಆಡ್ಕೊಂಡು ನಗ್ತಿದಾರೆ ಮೇಡಂ. ಅವಳೂ ಅದನ್ನೇ ನಂಬ್ಕೊಂಡು ಗೋಡೆ ಕಡೆ ತಿರುಗಿ ಮಲಗಿದಾಳೆ. ನಾನು ನಂಬಲ್ಲ."

ಹೊರಠಾಣೆಯವರು ಹ್ಯಾಮಕ್, ಅದನ್ನು ಮರಕ್ಕೆ ಬಿಗಿಯುವ ಪಟ್ಟಿ, ಎರಡು ಕ್ಯಾರಬೀನರ್ ಕೊಕ್ಕೆ ಜಪ್ತಿ ಮಾಡಿ, 'ಆಕಸ್ಮಿಕ' ಎಂದು ಗೀಚಿ ಕೈತೊಳೆದುಕೊಂಡಿದ್ದರು. ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ ಕೊಕ್ಕೆಗಳನ್ನು ತರಿಸಿಕೊಂಡರು. ಎರಡೂ ಗಟ್ಟಿಮುಟ್ಟಾಗಿದ್ದವು. ಪಟ್ಟಿಯೂ ಹರಿದಿರಲಿಲ್ಲ. ಹಾಗಾದರೆ ಕಳಚಿದ್ದೇನು?

ಮಧ್ಯಾಹ್ನ ದಫೇದಾರನೊಂದಿಗೆ ಅವರು ಕೊಕ್ಕೆ ಮಾರಿದ ಅಂಗಡಿಗೆ ಹೋದರು.

"ಆ ಅಮ್ಮನ ಮರೆಯೋದುಂಟಾ? ಒಂದು ಗಂಟೆ ನನ್ನ ತಲೆ ತಿಂದ್ರು," ಎಂದ ಅಂಗಡಿಯವನು. "'ಹಗುರ ಬೇಕು, ಆದ್ರೆ ನನ್ನ ತೂಕ ನಂಗೊತ್ತು, ಬಲ ನೋಡಿ ಕೊಡಿ' ಅಂದ್ರು. ಇದರ ಮೇಲೆ ಹನ್ನೆರಡು ಕಿಲೋನ್ಯೂಟನ್ ಅಂತ ಅಚ್ಚಿದೆ ನೋಡಿ. ಸಾವಿರದ ಇನ್ನೂರು ಕೆಜಿ ತಡೆಯತ್ತೆ. ಒಂದಕ್ಕೆ ಇಪ್ಪತ್ತೆಂಟು ಗ್ರಾಂ."

"ಇದೇ ತರ ಕಾಣೋದು ಬೇರೆ ಇದೆಯಾ?"

ಅವನು ಕೀಲಿ ಗೊಂಚಲಿನ ಕೊಕ್ಕೆಯೊಂದನ್ನು ತೆಗೆದಿಟ್ಟ. ಅದೇ ಬಣ್ಣ, ಅದೇ ಆಕಾರ. ಐದು ಗ್ರಾಂ. 'ಭಾರ ಹೊರಲು ಅಲ್ಲ' ಎಂದು ಸಣ್ಣಕ್ಷರದಲ್ಲಿತ್ತು.

ತಂಡದ ನಾಯಕ ಔಷಧಿ ಅಂಗಡಿಯವನು. ಚೀಲ ಹಗುರವಾಗಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿಕೊಂಡ ಮಹಾನುಭಾವ. ಎಲ್ಲರೂ ಅವನನ್ನು 'ಗ್ರಾಂ ಅಣ್ಣ' ಎನ್ನುತ್ತಿದ್ದರು. ಹೊರಡುವ ಮುಂಚೆ ಪ್ರತಿಯೊಬ್ಬರ ಚೀಲ ತೂಗಿ ಬರೆದುಕೊಳ್ಳುವುದು ಅವನ ಪದ್ಧತಿ. ಕಾಡಿನಲ್ಲಿ ಎಲ್ಲರ ಹ್ಯಾಮಕ್ ಕಟ್ಟಿದ್ದೂ ಅವನೇ. ಕೇಳಿದ ಕೂಡಲೇ ಹೆಮ್ಮೆಯಿಂದ ಪುಸ್ತಕ ತೆಗೆದುಕೊಟ್ಟ.

ಚಾಲಕಿಯ ಹೆಸರಿನ ಮುಂದೆ, 6.10ಕ್ಕೆ: 5 ಕೆಜಿ 20 ಗ್ರಾಂ. ಅದನ್ನು ಹೊಡೆದು ಹಾಕಿ, 6.25ಕ್ಕೆ: 4 ಕೆಜಿ 974 ಗ್ರಾಂ.

"ನಡುವೆ ಏನು ತೆಗೆದ್ರು?"

"ಏನೋ... ಸೋಪಿರಬೇಕು."

ಮೇಡಂ ಅಲ್ಲೇ ಪುಸ್ತಕದ ಅಂಚಿನಲ್ಲಿ ಬೆರಳಿಟ್ಟು ಲೆಕ್ಕ ಹಾಕಿದರು. ಅವಳು ಕೊಂಡ ಎರಡು ಕೊಕ್ಕೆಗೆ ಐವತ್ತಾರು ಗ್ರಾಂ, ಎರಡು ಕೀಲಿ ಕೊಕ್ಕೆಗೆ ಹತ್ತು. ಐವತ್ತಾರರಲ್ಲಿ ಹತ್ತು ಕಳೆದರೆ ನಲವತ್ತಾರು; ಪುಸ್ತಕದಲ್ಲಿ ಇಳಿದದ್ದೂ ಅಷ್ಟೇ.

ಹದಿನಾರರಂದು ಸ್ಥಳದಲ್ಲಿ ಎರಡನೇ ಪಂಚನಾಮೆ ನಡೆಯಿತು. ದಫೇದಾರ ಮಂಡಿಯೂರಿ ತರಗೆಲೆ ಕೆದಕಿ ಕೆದಕಿ ಸೊಂಟ ಹಿಡಿದುಕೊಂಡ. 11.40ಕ್ಕೆ ಬಂಡೆಯ ಬುಡದಲ್ಲಿ ಬಾಯಿ ಬಿಟ್ಟ ತೆಳು ಕೊಕ್ಕೆಯ ಅರ್ಧ ತುಂಡು ಸಿಕ್ಕಿತು. 'ಹೊರಲು ಅಲ್ಲ' ಎಂಬಷ್ಟು ಉಳಿದಿತ್ತು.

ಮಧ್ಯಾಹ್ನ ಮೂರಕ್ಕೆ ಠಾಣೆಗೆ ಕರೆತಂದ ಗ್ರಾಂ ಅಣ್ಣನ ಮುಂದೆ ಅದನ್ನಿಟ್ಟರು.

"ಅವರ ನಿಜವಾದ ಕೊಕ್ಕೆ ಎಲ್ಲಿಟ್ಟಿದ್ರಿ?"

"ನನ್ನ ಪ್ಯಾಂಟ್ ಜೇಬಲ್ಲಿ." ಆಮೇಲೆ ತಾನೇ ಸೇರಿಸಿದ: "ಜೇಬು ತೂಕಕ್ಕೆ ಬರಲ್ಲ."

ದಫೇದಾರ ಕಿಟಕಿಯಾಚೆ ಉಗಿದು ಬಂದ.

"ಬಿದ್ದ ಮೇಲೆ?"

"ಎಲ್ಲರೂ ಅವರನ್ನ ನೋಡ್ತಿದ್ರು. ನಾನು ಮರದ ಹತ್ರ ಹೋಗಿ ಎರಡನ್ನೂ ಬದಲಾಯಿಸಿ ಅಸಲಿ ಕೊಕ್ಕೆ ಹಾಕಿದೆ."

"ಅವರು ಬಂಡೆ ಮೇಲೆ ಕೂಗ್ತಾ ಬಿದ್ದಿದ್ದಾಗ?"

ಮೇಡಂ ಪುಸ್ತಕವನ್ನು ಅವನತ್ತ ತಳ್ಳಿದರು.

"ಇಷ್ಟೆಲ್ಲ ಮುಚ್ಚಿಟ್ಟೋನು ಪುಸ್ತಕದಲ್ಲಿ ಯಾಕ್ರೀ ಬರೆದ್ರಿ?"

"ತೂಕ ಸುಳ್ಳು ಬರೀಬಾರದು ಮೇಡಂ," ಎಂದ, ಮನನೊಂದವನಂತೆ.

ಇನ್‌ಸ್ಪೆಕ್ಟರ್‌ಗೆ ಕಳ್ಳರು ಗೊತ್ತು, ಕೊಲೆಗಾರರೂ ಗೊತ್ತು. ಅವರ ಎದುರು ಕೂತು ಚಹಾ ಕುಡಿದದ್ದೂ ಉಂಟು. ಇವನ ಮುಂದೆ ಲೋಟ ಮುಟ್ಟಲೂ ಅಸಹ್ಯವಾಯಿತು. 4.15ಕ್ಕೆ ದಸ್ತಗಿರಿ ಮಾಡಿ ಹೇಳಿಕೆ ಬರೆಸಿಕೊಂಡರು. ಎಂಟೂ ಚೀಲ ಐದು ಕೆಜಿಯೊಳಗೆ ಇರಬೇಕಿತ್ತು. ಚಾಲಕಿಯದೊಂದು ಇಪ್ಪತ್ತು ಗ್ರಾಂ ಜಾಸ್ತಿ. ಏನಾದರೂ ತೆಗೆಯಿರಿ ಎಂದಾಗ 'ಉಗುರು ಕತ್ತರಿಸ್ಲಾ ಅಣ್ಣಾ?' ಎಂದು ನಕ್ಕಳಂತೆ. ಎಲ್ಲರೂ ನಕ್ಕರಂತೆ. ಅದಕ್ಕೇ ಅವಳಿಗೆ ಗೊತ್ತಾಗದಂತೆ ಕೊಕ್ಕೆ ಬದಲಾಯಿಸಿದ್ದ; ವಾಪಸ್ ಬಂದ ಮೇಲೆ ಆ ಪುಟ್ಟ ಕೊಕ್ಕೆ ತೋರಿಸಿ, ಇದೇ ಸಾಕಾಯ್ತಲ್ಲ ಎಂದು ಅವಳ ಮುಖ ಸಪ್ಪೆ ಮಾಡುವ ಆಸೆ ಅವನಿಗೆ.

ಸಂಜೆ ಮೇಡಂ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಕೊಕ್ಕೆ ಬದಲಾದದ್ದನ್ನು ಹೇಳಿದರು. ಚಾಲಕಿ ನಿಧಾನವಾಗಿ ಗೋಡೆಯಿಂದ ಮುಖ ತಿರುಗಿಸಿದಳು.

"ಹಾಗಾದ್ರೆ ನಾನು ಸರಿಯಾದ್ದನ್ನೇ ಆರಿಸಿದ್ದೆ?"

"ಸರಿಯಾದ್ದನ್ನೇ."

"ಮತ್ತೆ ಅವನು ಯಾಕೆ..."

"ಚೀಲ ತೂಗುವಾಗ ನೀವು ನಕ್ಕಿದ್ದಕ್ಕೆ."



"ನಾನು ನಕ್ಕಿದ್ನಾ ಮೇಡಂ?" ಎಂದಳು. "ನಂಗೆ ನೆನಪೇ ಇಲ್ಲ."