ಏಳನೆಯ ಬಾಟಲಿ

"ಅದನ್ನ ಕೆಳಗಿಡಿ... ಅಲ್ಲಾಡಿಸದೆ, ನಿಧಾನಕ್ಕೆ."

ಹಿಂದಿನಿಂದ ಬಂದ ದನಿಗೆ ಅವಳು ತಿರುಗಿದಳು. ಒಂದು ಕೈಯಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಕಪ್ಪು ನೀರಿನ ಬಾಟಲಿ. ಇಡಬೇಕೋ ಹಿಡಿದೇ ಇರಬೇಕೋ ತಿಳಿಯದೆ ಕಲ್ಲಾಗಿ ನಿಂತಳು.

ಆತ ಹತ್ತಿರ ಬಂದ. ಬೈಯಲಿಲ್ಲ. ಅವಳ ಕೈಯ ಕೆಳಗೆ ತನ್ನ ಕೈಯಿಟ್ಟು, ನಿದ್ದೆಹೋದ ಕೂಸನ್ನು ಹಾಸಿಗೆಗೆ ಇಳಿಸುವಂತೆ ಬಾಟಲಿಯನ್ನು ಹಲಗೆಯ ಮೇಲೆ ಇಳಿಸಿದ.

"ಕೈ ಇಷ್ಟೊಂದು ತಣ್ಣಗಿದೆಯಲ್ರೀ," ಎಂದ.

ದಿನವಿಡೀ ಗಾಜು ತೊಳೆಯುವವಳ ಕೈ ಇನ್ನು ಹೇಗಿದ್ದೀತು, ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಮೂವತ್ತೆಂಟು ವರ್ಷದ ಬಾಳಿನಲ್ಲಿ ಆ ಮಾತನ್ನು ಅವಳಿಗೆ ಹೇಳಿದವರು ಬೇರೆ ಯಾರೂ ಇರಲಿಲ್ಲ.

ಆ ಪ್ರಯೋಗಾಲಯದಲ್ಲಿ ಅವಳಿಗೆ ಬಾಟಲಮ್ಮ ಎಂದು ಹೆಸರು, ಆತನಿಗೆ ಮಸಿ ಸಾಹೇಬ. ಎರಡೂ ಹೆಸರಿಟ್ಟವನು ತೂಕದ ಕೋಣೆಯ ನಗೆಗಾರ. ಸಾಹೇಬರ ಮೂಗಿನ ತುದಿ ಬೆಳ್ಳಗೆ ಕಂಡರೆ ಅಂದು ರಜೆ ಅಂತ ತಿಳ್ಕೊಳ್ಳಿ, ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಸಾಹೇಬನ ಕೆಲಸವೇ ಅಂಥದ್ದು. ಕೂದಲನ್ನು ಸಾವಿರಾರು ಸೀಳು ಮಾಡಿದರೆ ಒಂದು ಸೀಳು ಎಷ್ಟಿದ್ದೀತೋ ಅಷ್ಟು ಸಣ್ಣ ಇಂಗಾಲದ ಕೊಳವೆಗಳಂತೆ. ಅವಕ್ಕೆ ನೀರು ಕಂಡರಾಗದು. ನೀರಿಗೆ ಹಾಕಿದರೆ ಒಂದನ್ನೊಂದು ತಬ್ಬಿ ಮುದ್ದೆಯಾಗಿ ತಳ ಸೇರುತ್ತವೆ. ಸೋಪಿನ ಜಾತಿಯ ಪುಡಿ ಬೆರೆಸಿ, ಕಿವಿ ಕೊರೆಯುವ ಸದ್ದಿನ ಯಂತ್ರದ ಕಂಬಿ ಇಳಿಸಿ, ಅವನ್ನು ಬಿಡಿಬಿಡಿಯಾಗಿ ತೇಲಿಸಬೇಕು. ತೇಲಿಸುವುದು ದೊಡ್ಡದಲ್ಲ, ಹಾಗೇ ಉಳಿಸುವುದು ದೊಡ್ಡದು ಎಂದು ಆತ ಅವಳಿಗೆ ಬಿಡಿಸಿ ಹೇಳಿದ್ದ. ಉಳಿದರೆ ಆ ನೀರನ್ನು ಬಟ್ಟೆಗೆ ಬಳಿಯಬಹುದು. ಸಣ್ಣದೊಂದು ಬ್ಯಾಟರಿ ಕೊಟ್ಟರೆ ಬಟ್ಟೆಯೇ ಬೆಚ್ಚಗಾಗುತ್ತದೆ.

"ಮೊದಲನೇ ಜೊತೆ ಕೈಗವಸು ನಿಮಗೇ," ಎಂದು ಅವಳ ಅಂಗೈಯನ್ನು ತನ್ನ ನೋಟ್‌ಬುಕ್ಕಿನ ಹಾಳೆಯ ಮೇಲಿಡಿಸಿ, ಬೆರಳುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದ. ಹೆಬ್ಬೆರಳಿನ ಬಳಿ ಪೆನ್ಸಿಲು ತುಸು ನಿಧಾನಿಸಿತ್ತು.

ಹಲಗೆಯ ಮೇಲೆ ಹನ್ನೆರಡು ಬಾಟಲಿಗಳಿದ್ದವು. ತೊಂಬತ್ತು ದಿನ ಯಾರೂ ಮುಟ್ಟದೆ ಬಿಡಬೇಕು. ಒಂದಾದರೂ ತಳ ಕಟ್ಟದೆ ನಿಂತರೆ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಈ ಕೋಣೆಗೆ ಬೀಗ, ಸಾಹೇಬ ಬೇರೆ ಊರು ನೋಡಿಕೊಳ್ಳಬೇಕು. ಪ್ರಯೋಗಾಲಯದ ದೊಡ್ಡವರು ಹಾಗೆಂದು ಕಡ್ಡಿ ಮುರಿದಂತೆ ಹೇಳಿದ್ದರು.

ಇಪ್ಪತ್ತನೆಯ ದಿನಕ್ಕೆ ಹನ್ನೊಂದು ಬಾಟಲಿ ತಳ ಕಟ್ಟಿದ್ದವು. ಏಳನೆಯದು ಮಾತ್ರ ಕಾಡಿಗೆಯಂತೆ ನಿಂತಿತ್ತು.

ಇಪ್ಪತ್ತೊಂದನೆಯ ಬೆಳಿಗ್ಗೆ ಎಂಟಕ್ಕೆ ಬಂದವಳು ಬಗ್ಗಿ ನೋಡಿದಳು. ಏಳನೆಯ ಬಾಟಲಿಯ ಕತ್ತಿನ ಹತ್ತಿರ, ನೂಲಿನೆಳೆಯಷ್ಟು ತಿಳಿನೀರು.

'ಇದೂ ಹೋಯ್ತಾ...'

ಹತ್ತು ಗಂಟೆಗೆ ಆತ ಬಂದು ಫೋಟೋ ತೆಗೆಯುತ್ತಾನೆ. ಆ ಮುಖವನ್ನು ನೆನೆದಳು. ಆತನಿಲ್ಲದ ಕೋಣೆಯನ್ನು ನೆನೆದಳು. ಬಾಟಲಿಯನ್ನು ಎತ್ತಿ ಮೂರು ಸಲ ಮೆಲ್ಲಗೆ ಅಲ್ಲಾಡಿಸಿ, ಧೂಳೊರೆಸಿ, ಇದ್ದಲ್ಲೇ ಇಟ್ಟಳು.

ಮರುದಿನವೂ ಹಾಗೇ ಮಾಡಿದಳು. ಹತ್ತನೆಯ ದಿನಕ್ಕೆ ಅದು ಧೂಳೊರೆಸುವಷ್ಟೇ ರೂಢಿಯಾಗಿತ್ತು.

ಹತ್ತು ಗಂಟೆಗೆ ಆತ ತೊಳೆಯುವ ತೊಟ್ಟಿಯವರೆಗೂ ನಡೆದು ಬಂದು, "ಇವತ್ತೂ ನಿಂತಿದೆ," ಎನ್ನುತ್ತಿದ್ದ. ಆ ಒಂದು ಗಳಿಗೆಯ ಸುಖಕ್ಕೆ ಅವಳು ದಿನದ ಉಳಿದ ಹೊತ್ತೆಲ್ಲ ಸುಳ್ಳಿನ ಭಾರ ಹೊತ್ತಳು.

ಎಪ್ಪತ್ತೊಂದನೆಯ ದಿನ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮನೆಯಲ್ಲಿದ್ದದ್ದು ಇಬ್ಬರೇ. ಐದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳಿಗೆ ಒಂದು ಕಣ್ಣು ಅಕ್ಕನ ಮೇಲೆ, ಇನ್ನೊಂದು ಕಾಣದ ಆ ಹಲಗೆಯ ಮೇಲೆ.

ಬಂದು ನೋಡಿದರೆ ಮೇಲೆ ನೀರು, ಕೆಳಗೆ ಕರಿಯ ಮುದ್ದೆ. ಅದರೆದುರು ಕುರ್ಚಿ ಹಾಕಿ ಆತ ಕೂತಿದ್ದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎಪ್ಪತ್ತು ದಿನ ನಿಂತದ್ದು ಐದೇ ದಿನದಲ್ಲಿ ಕುಸಿದದ್ದು ದೊಡ್ಡವರಿಗೂ ಸೋಜಿಗವಾಯಿತು. ಕಾರಣ ಹುಡುಕಲು ಇನ್ನೊಂದು ವರ್ಷ ಕೊಡುತ್ತೇನೆ ಎಂದರು.

ಒಂದು ವರ್ಷ! ಬಾಯಿ ಮುಚ್ಚಿಕೊಂಡಿದ್ದರೆ ಆತ ಒಂದು ವರ್ಷ ಇಲ್ಲೇ ಇರುತ್ತಾನೆ.

ಹದಿನೈದು ದಿನ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು. ಆತ ಕಿಟಕಿಗೆ ರಟ್ಟು ಬಡಿದ, ಬಿಸಿಲಿನ ಅನುಮಾನ. ಹಲಗೆಯ ಕೆಳಗೆ ರಬ್ಬರು ಹಾಸಿದ, ಬೀದಿಯ ಲಾರಿಗಳ ಅನುಮಾನ. ನೀರನ್ನು ಮೂರು ಕಡೆಯಿಂದ ತರಿಸಿದ. ಊಟದ ಡಬ್ಬಿ ತೆರೆಯದೆ ಮನೆಗೆ ಹೋಗುತ್ತಿತ್ತು. ಸಾಹೇಬರು ಹೀಗೇ ಸವೆದರೆ ಅವರನ್ನೂ ನನ್ನ ಸಣ್ಣ ತಕ್ಕಡಿಯಲ್ಲೇ ತೂಗಬೇಕಾದೀತು ಎಂದ ನಗೆಗಾರನ ಮಾತಿಗೆ ಯಾರೂ ನಗಲಿಲ್ಲ.

ಇಲ್ಲದ ಕಾರಣವನ್ನು ಆತ ಹುಡುಕುತ್ತಿದ್ದ. ಒಂದು ವರ್ಷ ಹುಡುಕಿದರೂ ಸಿಗದು. ಸವೆದು ಹೋಗುವ ಮನುಷ್ಯನನ್ನು ಹತ್ತಿರ ಇಟ್ಟುಕೊಳ್ಳುವುದು ಎಂಥ ಪ್ರೀತಿ?

ಹದಿನಾರನೆಯ ದಿನ ಒದ್ದೆ ಕೈಯಲ್ಲೇ ಆತನೆದುರು ನಿಂತಳು.

"ಸರ್, ಅದು ಯಾವತ್ತೂ ನಿಂತಿರ್ಲಿಲ್ಲ. ಇಪ್ಪತ್ತೊಂದನೇ ದಿನದಿಂದ ನಾನೇ ಅಲ್ಲಾಡಿಸ್ತಿದ್ದೆ."

ಆತ ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದ.

"ಐವತ್ತು ದಿನ ನಾನು ಬರೆದಿದ್ದೆಲ್ಲ ಸುಳ್ಳು, ಅಲ್ವಾ?"

ಅವಳು ಹೌದೆಂದು ತಲೆ ಆಡಿಸಿದಳು. ಯಾಕೆ ಎಂದು ಆತ ಕೇಳಲಿಲ್ಲ. ಎದ್ದು ದೊಡ್ಡವರ ಕೋಣೆಗೆ ಹೋದ. ಅಲ್ಲಿ ಅವಳ ಹೆಸರೆತ್ತಲೇ ಇಲ್ಲವಂತೆ. ಪರೀಕ್ಷೆಯನ್ನು ಸರಿಯಾಗಿ ಕಾಯಲಿಲ್ಲ, ತಪ್ಪು ನನ್ನದು ಎಂದು ಬರೆದುಕೊಟ್ಟನಂತೆ. ಕೊಟ್ಟ ವರ್ಷವನ್ನು ದೊಡ್ಡವರು ಅಂದೇ ಹಿಂದಕ್ಕೆ ತೆಗೆದುಕೊಂಡರು.

ಆಮೇಲಿನ ವಾರವೆಲ್ಲ ಆತ ತೊಟ್ಟಿಯ ಕಡೆ ಹಾಯಲಿಲ್ಲ. 'ನನ್ನ ಮುಖ ನೋಡೋಕೂ ಬೇಡವಾಯ್ತು,' ಎಂದುಕೊಂಡು ಅವಳು ತೊಳೆದದ್ದನ್ನೇ ತೊಳೆದಳು.

ಕೊನೆಯ ದಿನ ಯಂತ್ರಗಳು ಪೆಟ್ಟಿಗೆ ಸೇರಿದವು. ಹಲಗೆಯ ಮೇಲೆ ಹನ್ನೆರಡು ದುಂಡನೆಯ ಗುರುತು ಮಾತ್ರ ಉಳಿದಿತ್ತು. ಅವಳು ಅದನ್ನು ಒರೆಸುತ್ತಿದ್ದಾಗ ಆತ ಹಿಂದೆ ಬಂದು ನಿಂತ.

"ಹನ್ನೊಂದು ಬಾಟಲಿ ಮೇಲೆ ಧೂಳಿತ್ತು," ಎಂದ. "ಏಳನೇದರ ಮೇಲೆ ಒಂದಿನವೂ ಇರ್ಲಿಲ್ಲ. ಕೂದಲಿನ ಸೀಳು ಹುಡುಕೋನು ನಾನು. ಧೂಳು ಕಾಣ್ಲಿಲ್ಲ ಅಂದ್ರೆ ನಂಬ್ತೀರಾ?"

ಅವಳ ಕೈಯ ಬಟ್ಟೆ ನಿಂತಿತು.

"ನಿಂತಿರೋದು ಅದೊಂದೇ ಅಂತ, ನನಗೋಸ್ಕರ ನೀವು ದಿನಾ ಒರೆಸ್ತೀರಿ ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋದು ಹಿತವಾಗಿತ್ತು. ಕೇಳಿದ್ರೆ ಆ ಹಿತ ಹೋಗ್ಬಿಡುತ್ತೇನೋ ಅಂತ ಕೇಳ್ಲಿಲ್ಲ. ತಪ್ಪು ನನ್ನದು ಅಂತ ಬರೆದಿದ್ದು ಸುಳ್ಳಲ್ಲ."

ಆತನಿಗೆ ದೂರದ ಊರಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸಂಜೆಯ ಬಸ್ಸು. ಅಕ್ಕ ಇನ್ನು ಎದ್ದು ಓಡಾಡುವುದಿಲ್ಲ ಎಂದು ಡಾಕ್ಟರು ಹೇಳಿ ಆಗಿತ್ತು.

"ಬನ್ನಿ ಅಂತ ಕರೆಯೋ ಹಾಗಿಲ್ಲ," ಎಂದ ಆತ.

"ಬರ್ತೀನಿ ಅನ್ನೋ ಹಾಗೂ ಇಲ್ಲ," ಎಂದಳು ಅವಳು.

ಆತ ನೋಟ್‌ಬುಕ್ಕು ತೆರೆದ. ಲೆಕ್ಕದ ಹಾಳೆಗಳನ್ನೆಲ್ಲ ಕಚೇರಿಗೆ ಒಪ್ಪಿಸಿ ಆಗಿತ್ತು. ಉಳಿದದ್ದು ಒಂದೇ ಹಾಳೆ. ಪೆನ್ಸಿಲಿನ ಕೈ, ಅಗಲವಾದ ಐದು ಬೆರಳು.

"ಇದನ್ನ ನಾನು ಇಟ್ಕೋತೀನಿ. ಗವಸು ಆಗ್ಲಿಲ್ಲ." ಆಮೇಲೆ ಜೇಬಿನಿಂದ ಹೆಬ್ಬೆರಳಿನಷ್ಟು ಸಣ್ಣ ಬಾಟಲಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಏಳನೆಯದರ ಕಪ್ಪು ನೀರು. "ಇದು ನಿಮಗೆ. ದಿನಾ ಬೆಳಿಗ್ಗೆ ಅಲ್ಲಾಡಿಸಿ."

"ಅಲ್ಲಾಡಿಸಿದ್ರೆ ಪರೀಕ್ಷೆ ಕೆಡುತ್ತಲ್ವಾ ಸರ್?"

"ಇದು ಪರೀಕ್ಷೆ ಅಲ್ಲ. ಸರ್ ಅಂತಲೂ ಬೇಡ ಇನ್ನು."

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಆಗಲೇ ಕತ್ತಿನ ಹತ್ತಿರ ನೂಲಿನೆಳೆಯಷ್ಟು ತಿಳಿಯಾಗಿತ್ತು.

"ನನ್ನ ಕೈ ನಿಂತ ದಿನ?"

"ಆ ದಿನ ತಳಕ್ಕೆ ಕೂತ್ಕೊಳ್ಳುತ್ತೆ," ಎಂದು ಆತ ಅವಳ ತಣ್ಣನೆಯ ಬೆರಳುಗಳನ್ನು ಬಾಟಲಿಯ ಸಮೇತ ತನ್ನ ಎರಡೂ ಕೈಯೊಳಗೆ ಮುಚ್ಚಿಕೊಂಡ. "ಅಲ್ಲೀವರೆಗೆ ನಿಂತ್ರೆ ಸಾಕು."